ಲೈನಿನ ಮೊದಲ ಮನೆ

ನಿದ್ದೆಗೆಟ್ಟು ಸಾಕಾಗಿ ಕಟ್ಟಿದ ವಾಟ್ಸ್‌ಆ್ಯಪ್ ಗುಂಪು ನಮ್ಮದು. ಬಸವೇಶ್ವರನಗರದ ನಮ್ಮ ರಸ್ತೆಗೆ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್, ಮೂರು ಹಂತದಲ್ಲಿ ಪಂಪಾಗಿ ಬರಬೇಕು; ನಡುವೆ ಎಲ್ಲೋ ಕರೆಂಟು ಹೋದರೆ ನಮ್ಮ ಪಾಳಿ ಏರುಪೇರು. ಹಳೇ ಮನೆಗಳಲ್ಲಿ ಎದ್ದು ಸಂಪಿನ ವಾಲ್ವ್ ತಿರುಗಿಸಬೇಕು. ತೆರೆದಿಟ್ಟು ಮಲಗಿದರೆ ತುಂಬಿ ರಸ್ತೆಗೆ ಹರಿಯುತ್ತದೆ. ಹಾಗಾಗಿ ಗುಂಪಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ‘ನೀರು ಬಂತಾ?’

ಕೇಳುವವರೆಲ್ಲ ಲೈನಿನ ಕೊನೆಯವರು. ಉತ್ತರ ಗೊತ್ತಿರುವುದು ಮೊದಲ ಮನೆಯವರಿಗೆ, ಅವರಿಗೋ ಗುಂಪಿನಿಂದ ಆಗಬೇಕಾದ್ದೇನೂ ಇಲ್ಲ. ಗುಂಪು ಉಳಿಯುವುದೋ ಅಳಿಯುವುದೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ ಎಂದು ನನಗೆ ಆಮೇಲೆ ಹೊಳೆಯಿತು. ಮೊದಲ ಮನೆಯಲ್ಲಿದ್ದವರು ನಿವೃತ್ತ ಮೇಷ್ಟ್ರು, ಹೇಗೂ ನಿದ್ದೆ ಕಡಿಮೆ. ‘ಬಂತು’ ಎಂದು ಒಂದು ಪದ ಹಾಕುತ್ತಿದ್ದರು. ಮಾರನೇ ದಿನ ಹಾಲಿನ ಬೂತಿನಲ್ಲಿ ಯಾರಾದರೂ, “ಸರ್, ನಿಮ್ಮಿಂದ ಸಂಪು ತುಂಬ್ತು” ಅನ್ನೋರು. ಅವರಿಗೆ ಅಷ್ಟೇ ಸಾಕಿತ್ತು. (ಶುಭೋದಯದ ಹೂವುಗಳನ್ನು ನಿಲ್ಲಿಸಿದ್ದೂ ಅವರೇ, ಮೇಷ್ಟ್ರಲ್ಲವೇ.)

ನೀರು ಬಿಡುವವನನ್ನೇ ಗುಂಪಿಗೆ ಸೇರಿಸಿಬಿಡೋಣ ಎಂದು ಕೆಲವರು ಹೊರಟರು. ಎದುರುಮನೆ ಆಂಟಿ ಒಪ್ಪಲಿಲ್ಲ. “ಅವನು ಬಂದ್ರೆ ಎಲ್ಲಾರೂ ಅವನನ್ನೇ ಬೈತೀರ. ನಮ್ಮನಮ್ಮಲ್ಲಿ ಮಾತೇ ಇರಲ್ಲ.” ಸರಿಯಾದ ಮಾತು.

2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟಾಗ ಗುಂಪು ಒಮ್ಮೆಲೇ ಉಬ್ಬಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ಆ ದರಕ್ಕೆ ಯಾರು ಕೊಡುತ್ತಾರೆ ಎಂದು ಹುಡುಕಿಕೊಂಡು ಕಮಲಾನಗರದವರೂ ಸೇರಿದರು. ಅವರ ರಸ್ತೆಗೆ ನೀರು ಬಿಡುವ ವಾಲ್ವ್ ಬೇರೆ. ಅವರ ‘ಬಂತು’ ನೋಡಿ ನಮ್ಮವರು ನಡುರಾತ್ರಿ ಎದ್ದು ಒಣ ಪೈಪಿನ ಮುಂದೆ ಕೂತರು. ಮೇಷ್ಟ್ರು ಬೇಸತ್ತು ಬರೆಯುವುದನ್ನೇ ಬಿಟ್ಟರು. ವಾಲ್ವಿಗೊಂದರಂತೆ ಗುಂಪು ಒಡೆದ ಮೇಲೆ ಮತ್ತೆ ಬರೆಯತೊಡಗಿದರು.

ಮೊನ್ನೆ ಕೆಂಗೇರಿಯಲ್ಲಿರುವ ಅಣ್ಣನ ಮಗಳು ತಮ್ಮ ರಸ್ತೆಗೂ ಗುಂಪು ಮಾಡುತ್ತೇನೆಂದು ಫೋನ್ ಮಾಡಿದಳು. ಗುಂಪಿಗೆ ಯಾವ ಚಿತ್ರ ಹಾಕಲಿ ಚಿಕ್ಕಪ್ಪ, ಎಂದು ಕೇಳಿದಳು. ಲೈನಿನ ಮೊದಲ ಮನೆ ಯಾರದು ನೋಡಮ್ಮ, ಎಂದೆ. ಅದು ಬಾಡಿಗೆಗಿದೆ, ಬೀಗ ಹಾಕಿದೆಯಂತೆ. ಎರಡನೇ ಮನೆಯ ಅಜ್ಜಿಗೆ ಸ್ಮಾರ್ಟ್‌ಫೋನ್ ಇದೆಯಾ ವಿಚಾರಿಸಿ ಬರುತ್ತೇನೆ ಅಂದಳು.