ಸಚಿವರ ಉತ್ತರ ಕೈಗೆ ಬಂದ ಮೇಲೆ ಮಾಡಬೇಕಾದ್ದು

ಸಂಸತ್ತಿನ ಅಧಿವೇಶನ ಎಂದರೆ ಟಿವಿಯಲ್ಲಿ ಕಾಣುವುದು ಘೋಷಣೆ, ಫಲಕ, ಸ್ಪೀಕರ್ ಪೀಠದ ಮುಂದಿನ ಗುಂಪು, ಮಧ್ಯಾಹ್ನದ ಹೊತ್ತಿಗೆ ಕಲಾಪ ಮುಂದೂಡಿಕೆಯ ಸುದ್ದಿ. ಹಾಗೆ ಗದ್ದಲದಲ್ಲಿ ಕಳೆದುಹೋದ ದಿನವೂ ಲೋಕಸಭೆಯ ದಾಖಲೆಗೆ ಸಚಿವರ ಇನ್ನೂರಕ್ಕೂ ಹೆಚ್ಚು ಲಿಖಿತ ಉತ್ತರಗಳು ಸೇರಿರುತ್ತವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಪಿಂಚಣಿ, ಪಡಿತರ, ವಿದ್ಯಾರ್ಥಿವೇತನ, ಅಂಗನವಾಡಿ ಗೌರವಧನ, ಬೆಳೆ ವಿಮೆ ಹೀಗೆ ನಮ್ಮ ಬದುಕಿಗೆ ನೇರ ತಾಕುವ ವಿಷಯಗಳೇ ಅವುಗಳಲ್ಲಿ ಹೆಚ್ಚು. ಸಂಸತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ಅವನ್ನು ಹುಡುಕಿ ಓದಬಹುದು, ಮುದ್ರಿಸಿಕೊಳ್ಳಬಹುದು. ನಮ್ಮ ಅಹವಾಲನ್ನು ಆ ದಿನದ ಕಲಾಪದೊಳಗೆ ಹೇಗೆ ಸೇರಿಸುವುದು ಎಂಬುದು ಒಂದು ಮಾತು. ಉತ್ತರ ಬಂದ ಮೇಲೆ ಅದರ ಬೆನ್ನು ಹತ್ತುವುದು ಹೇಗೆ ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯ, ನಾವು ಸೋಲುತ್ತಿರುವುದೂ ಅಲ್ಲಿಯೇ.

ಎಲ್ಲಕ್ಕಿಂತ ಮೊದಲು ವಿಷಯ ಯಾರ ವ್ಯಾಪ್ತಿಯದು ಎಂದು ತಿಳಿಯಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ವೃದ್ಧಾಪ್ಯ ವೇತನ ಪಡೆಯುವ ಅಜ್ಜಿಗೆ ಬರುವ ಹಣದಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ್ದೆಷ್ಟು ಎಂದು ಪಾಸ್‌ಬುಕ್ ಹೇಳುವುದಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರ ಗೊತ್ತುಮಾಡಿರುವುದು ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಅದರ ಮೇಲೆ ಬರುವುದೆಲ್ಲ ರಾಜ್ಯದ ಹಣ. ಅಂಗನವಾಡಿ ಕಾರ್ಯಕರ್ತೆಯರಿಗೆ 2018ರ ಅಕ್ಟೋಬರ್‌ನಿಂದ ಕೇಂದ್ರ ನಿಗದಿ ಮಾಡಿದ ಗೌರವಧನ 4,500 ರೂಪಾಯಿ. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. ಕೇಂದ್ರದ ದರ ಹೆಚ್ಚಾಗಬೇಕು ಎನ್ನುವುದು ಸಂಸದರ ಬಳಿ ಒಯ್ಯುವ ಮಾತು. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಳೆಯುತ್ತಿದೆ ಎನ್ನುವುದು ತಹಶೀಲ್ದಾರರಿಗೆ, ಅಲ್ಲಿ ಆಗದಿದ್ದರೆ ಶಾಸಕರಿಗೆ ಹೇಳುವ ಮಾತು. ಮುಖ್ಯವಾಗಿ ಕೇಂದ್ರ ಸರ್ಕಾರದ ಹೊಣೆಗೆ ಸೇರದ ಪ್ರಶ್ನೆಯನ್ನು ಲೋಕಸಭೆಯ ನಿಯಮವೇ ಒಪ್ಪುವುದಿಲ್ಲ. ಒಬ್ಬರ ವೈಯಕ್ತಿಕ ಕಡತದ ತಕರಾರಿಗೂ, ನ್ಯಾಯಾಲಯದಲ್ಲಿ ವಿಚಾರಣೆಯಲ್ಲಿರುವ ವಿಷಯಕ್ಕೂ ಅಲ್ಲಿ ಜಾಗವಿಲ್ಲ.

ಬೆಳಗಿನ ಹನ್ನೊಂದು ಗಂಟೆ

ಲೋಕಸಭೆಯ ದಿನ ಬೆಳಿಗ್ಗೆ 11ಕ್ಕೆ ಪ್ರಶ್ನೋತ್ತರ ವೇಳೆಯಿಂದ ಶುರುವಾಗುತ್ತದೆ. ರಾಜ್ಯಸಭೆಯಲ್ಲಿ 2014ರಿಂದ ಅದು ಮಧ್ಯಾಹ್ನ 12ಕ್ಕೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಅಲ್ಲೇ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಮೊದಲ ಬಗೆಯವು 20, ಎರಡನೆಯ ಬಗೆಯವು 230. ಯಾರ ಪ್ರಶ್ನೆ ಪಟ್ಟಿಗೆ ಬರಬೇಕು ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಇಪ್ಪತ್ತರಲ್ಲಿ ಒಂದು ಗಂಟೆಯೊಳಗೆ ಬಾಯಿಮಾತಿನ ಉತ್ತರ ಸಿಗುವುದು ಕೆಲವಕ್ಕೆ ಮಾತ್ರ; ಉಳಿದವಕ್ಕೆ ಬರಹದ ಉತ್ತರವೇ ಗತಿ. ಹಾಗಾಗಿ ಚುಕ್ಕೆ ಗುರುತಿನದ್ದೇ ಬೇಕು ಎಂದು ಹಟ ಹಿಡಿಯಬೇಡಿ. ನಿಮಗೆ ಬೇಕಾಗಿರುವುದು ಸಚಿವಾಲಯದ ಲಿಖಿತ ಮಾತು.

ಸಂಸದರು ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನ ಮುಂಚೆ ಸೂಚನೆ ಕೊಡಬೇಕು. ಪ್ರತಿ ಸಚಿವಾಲಯಕ್ಕೂ ವಾರದಲ್ಲಿ ಒಂದು ದಿನ ಗೊತ್ತಾಗಿರುತ್ತದೆ. ಅಧಿವೇಶನ ಆರಂಭವಾದ ಮೇಲೆ ಮನವಿ ಹಿಡಿದು ಸಂಸದರ ಮನೆಗೆ ಹೋದರೆ ಆ ಸಲದ ಅವಕಾಶ ಬಹುಪಾಲು ಮುಗಿದಂತೆಯೇ. ಅಧಿವೇಶನ ಕರೆದ ಸುದ್ದಿ ಬಂದ ವಾರವೇ ಹೋಗಬೇಕು. ನಿಮ್ಮ ಕ್ಷೇತ್ರದ ಸಂಸದರೇ ಕೇಂದ್ರ ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗ ಪಕ್ಕದ ಕ್ಷೇತ್ರದವರನ್ನೋ ರಾಜ್ಯದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯರನ್ನೋ ಕೇಳಬಹುದು. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. ಒಬ್ಬರು ಕೈಚೆಲ್ಲಿದರೆ ಬಾಗಿಲು ಮುಚ್ಚಿತು ಎಂದುಕೊಳ್ಳಬೇಕಿಲ್ಲ.

ಪ್ರಶ್ನೆ 150 ಪದ ಮೀರಬಾರದು. ಕರಡನ್ನು ನೀವೇ ಬರೆದುಕೊಟ್ಟರೆ ಸಂಸದರ ಆಪ್ತ ಸಹಾಯಕರಿಗೂ ಅನುಕೂಲ. ಉದಾಹರಣೆಗೆ ನೌಕರರ ಪಿಂಚಣಿ ಯೋಜನೆ, ಜನರ ಬಾಯಲ್ಲಿ ಇಪಿಎಸ್-95, ಅದನ್ನೇ ತೆಗೆದುಕೊಳ್ಳೋಣ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದವರು, ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ಸವೆದವರು, ಸಾರಿಗೆ ನಿಗಮದ ಚಾಲಕರು, ನಿರ್ವಾಹಕರು ನಿವೃತ್ತಿಯ ನಂತರ ನೆಚ್ಚಿಕೊಂಡಿರುವುದು ಇದನ್ನೇ. ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರ್ 1ರಿಂದ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಗಿ, ವರ್ಷಗಟ್ಟಲೆ ಅಲ್ಲಿಂದ ಕದಲಲಿಲ್ಲ. ನಿವೃತ್ತರ ಸಂಘಟನೆಗಳು 7,500 ರೂಪಾಯಿ ಕೇಳುತ್ತಿವೆ. ಒಬ್ಬ ಮನುಷ್ಯ ತಿಂಗಳಿಡೀ ಸಾವಿರ ರೂಪಾಯಿಯಲ್ಲಿ ಬದುಕಬೇಕು ಎಂದು ಬರೆದಿಟ್ಟ ವ್ಯವಸ್ಥೆಯನ್ನು ಪ್ರಶ್ನಿಸಲೇಬೇಕು. ಆದರೆ "ಪಿಂಚಣಿ ಹೆಚ್ಚಿಸುವಿರಾ?" ಎಂದಷ್ಟೇ ಕೇಳಿದರೆ ಪ್ರಯೋಜನವಿಲ್ಲ. ಹೀಗೆ ಕೇಳಬಹುದು:

"ಕಾರ್ಮಿಕ ಮತ್ತು ಉದ್ಯೋಗ ಸಚಿವರು ದಯಮಾಡಿ ತಿಳಿಸುವರೇ: (ಅ) ಕನಿಷ್ಠ ಪಿಂಚಣಿ ಪರಿಷ್ಕರಣೆಯ ಪ್ರಸ್ತಾವ ಈಗ ಯಾವ ಸಚಿವಾಲಯದ ಮುಂದೆ ಯಾವ ಹಂತದಲ್ಲಿದೆ, (ಆ) ಕರ್ನಾಟಕದಲ್ಲಿ ಕನಿಷ್ಠ ಪಿಂಚಣಿ ಪಡೆಯುತ್ತಿರುವವರ ಸಂಖ್ಯೆ ಪ್ರಾದೇಶಿಕ ಕಚೇರಿವಾರು ಎಷ್ಟು, (ಇ) ಕನಿಷ್ಠ ಮೊತ್ತ ತುಂಬಿಕೊಡಲು ಕಳೆದ ಮೂರು ವರ್ಷ ಬಜೆಟ್‌ನಿಂದ ಕೊಟ್ಟ ಹಣ ಎಷ್ಟು, (ಈ) ಪಿಂಚಣಿ ನಿಧಿಯ ಇತ್ತೀಚಿನ ಮೌಲ್ಯಮಾಪನ ಯಾವ ವರ್ಷದ್ದು, ಅದರ ಫಲಿತಾಂಶವೇನು?"

ಹೀಗೆ ಬಿಡಿಬಿಡಿಯಾಗಿ ಕೇಳಿದರೆ ಯಾವುದಕ್ಕೆ ಉತ್ತರ ಬಂತು, ಯಾವುದನ್ನು ನುಂಗಿದರು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. "(ಅ)ಯಿಂದ (ಈ)ವರೆಗೆ" ಎಂದು ನಾಲ್ಕನ್ನೂ ಒಟ್ಟುಗೂಡಿಸಿ ಒಂದೇ ಕಂಡಿಕೆಯಲ್ಲಿ ಮುಗಿಸಿದ್ದರೆ ಯಾವುದೋ ಒಂದು ಉಪಪ್ರಶ್ನೆ ಜಾರಿಹೋಗಿದೆ ಎಂದೇ ಓದಲು ಕುಳಿತುಕೊಳ್ಳಿ.

ಇಪಿಎಸ್-95 ಬಗ್ಗೆ ಹಲವು ವರ್ಷಗಳಿಂದ ಬರುತ್ತಿರುವ ಉತ್ತರಗಳ ತಿರುಳು ಹೆಚ್ಚುಕಡಿಮೆ ಒಂದೇ. ಉದ್ಯೋಗದಾತರ ಶೇ 8.33 ಮತ್ತು ಕೇಂದ್ರದ ಶೇ 1.16 ವಂತಿಗೆಯಿಂದ ನಿಧಿ ನಡೆಯುತ್ತದೆ; ನಿಧಿಯ ಮೌಲ್ಯಮಾಪನ ಪ್ರತಿವರ್ಷ ಆಗಬೇಕೆಂಬ ನಿಯಮವಿದೆ; 2019ರ ಮಾರ್ಚ್ 31ರ ಮೌಲ್ಯಮಾಪನದ ಪ್ರಕಾರ ನಿಧಿಯಲ್ಲಿ ಕೊರತೆಯಿದೆ; ಆದರೂ ಬಜೆಟ್ ನೆರವಿನಿಂದ ಕನಿಷ್ಠ 1,000 ರೂಪಾಯಿ ಕೊಡಲಾಗುತ್ತಿದೆ. ಇದನ್ನು ಓದಿ ನಿಟ್ಟುಸಿರು ಬಿಟ್ಟು ಮಡಿಚಿಡುವವರೇ ಹೆಚ್ಚು. ನಿಧಾನವಾಗಿ ಓದಿದರೆ ಮುಂದಿನ ಪ್ರಶ್ನೆ ಅದರೊಳಗೇ ಇದೆ. ಪ್ರತಿವರ್ಷ ಮೌಲ್ಯಮಾಪನ ಆಗಬೇಕು ಎನ್ನುವ ಉತ್ತರವೇ ನಾಲ್ಕೈದು ವರ್ಷ ಕಳೆದ ಮೇಲೂ 2019ರ ಅಂಕಿಯನ್ನೇ ಎತ್ತಿ ಹೇಳಿದರೆ, ನಂತರದ ವರ್ಷಗಳ ವರದಿ ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ. ಸಂಸದರ ಮೂಲಕ ಕೇಳಬಹುದು. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನೀವೇ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಯ ಜೊತೆಗೆ ಸಚಿವರ ಉತ್ತರದ ಪ್ರತಿ, ಪ್ರಶ್ನೆ ಸಂಖ್ಯೆ, ದಿನಾಂಕ ಲಗತ್ತಿಸಿ. ಸದನದಲ್ಲಿ ಹೇಳಿದ ಮಾತನ್ನು ಅಲ್ಲಗಳೆಯಲು ಯಾವ ಅಧಿಕಾರಿಗೂ ಧೈರ್ಯ ಬರುವುದಿಲ್ಲ.

"ಪರಿಶೀಲನೆಯಲ್ಲಿದೆ" ಎಂದರೆ ಭರವಸೆ

"ವಿಷಯ ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು". ಈ ಮಾತುಗಳನ್ನು ನಾವು ಸಬೂಬು ಎಂದು ತಳ್ಳಿಹಾಕುತ್ತೇವೆ. ಸಂಸತ್ತಿನ ಲೆಕ್ಕದಲ್ಲಿ ಅವು ಹಾಗಲ್ಲ. ಇಂಥ ಮಾತುಗಳ ಒಂದು ಪಟ್ಟಿಯೇ ಇದೆ. ಅವು ಉತ್ತರದಲ್ಲಿ ಬಂದರೆ ಸರ್ಕಾರ ಸದನಕ್ಕೆ ಕೊಟ್ಟ ಭರವಸೆ ಎಂದು ದಾಖಲಾಗುತ್ತವೆ, ಮೂರು ತಿಂಗಳೊಳಗೆ ಈಡೇರಿಸಬೇಕಾಗುತ್ತದೆ. ಇದನ್ನು ಕಾಯಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯದು 1953ರಿಂದ ಕೆಲಸ ಮಾಡುತ್ತಿದೆ. ತಡವಾದರೆ ಸಚಿವಾಲಯ ಸಮಿತಿಯ ಬಳಿ ಕಾಲಾವಕಾಶ ಕೇಳಬೇಕು, ಕೈಬಿಡಬೇಕಿದ್ದರೆ ಕಾರಣ ಕೊಟ್ಟು ಒಪ್ಪಿಗೆ ಪಡೆಯಬೇಕು.

ಸಮಿತಿ ಛಡಿ ಬೀಸುವುದಿಲ್ಲ ನಿಜ. ಹತ್ತಾರು ಭರವಸೆಗಳು ವರ್ಷಗಟ್ಟಲೆ ಬಾಕಿ ಬಿದ್ದ ನಿದರ್ಶನಗಳು ಅದರ ವರದಿಗಳಲ್ಲೇ ಸಿಗುತ್ತವೆ. ಆದರೂ ಕಾರ್ಯದರ್ಶಿ ದರ್ಜೆಯ ಅಧಿಕಾರಿ ಸಮಿತಿಯ ಮುಂದೆ ಕುಳಿತು ಕಾರಣ ಹೇಳಬೇಕಾದ ಸ್ಥಿತಿ ಸಣ್ಣದಲ್ಲ. ನೀವು ಮಾಡಬೇಕಾದ್ದು ಇಷ್ಟು: ಉತ್ತರದ ದಿನಾಂಕಕ್ಕೆ ಮೂರು ತಿಂಗಳು ಕೂಡಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ದಾಟಿದ ಮೇಲೆ ಇದು ಭರವಸೆಯಾಗಿ ದಾಖಲಾಗಿದೆಯೇ, ಈಡೇರಿಕೆಯ ಹೇಳಿಕೆ ಸದನದ ಮುಂದೆ ಬಂದಿದೆಯೇ ಎಂದು ಸಂಸದರಿಗೂ ಸಚಿವಾಲಯಕ್ಕೂ ಬರೆಯಿರಿ.

ಪ್ರಶ್ನೋತ್ತರದ ನಂತರ ಶೂನ್ಯ ವೇಳೆ. ತುರ್ತು ವಿಷಯಕ್ಕೆ ಅದು ಒಳ್ಳೆಯದು, ಆದರೆ ಸಚಿವರು ಉತ್ತರಿಸಲೇಬೇಕೆಂಬ ಕಟ್ಟಳೆಯಿಲ್ಲ. ಲೋಕಸಭೆಯ ನಿಯಮ 377ರ ಅಡಿ ಓದಿದ ವಿಷಯಕ್ಕೆ ಸಚಿವಾಲಯದಿಂದ ಸದಸ್ಯರಿಗೆ ಲಿಖಿತ ಉತ್ತರ ಹೋಗುತ್ತದೆ. ಅದರ ಪ್ರತಿ ಕೇಳಿ ಪಡೆಯಿರಿ. ಸಂಸದರು ಕನ್ನಡದಲ್ಲೇ ಮಾತನಾಡಬಹುದು ಎಂಬುದನ್ನೂ ನೆನಪಿಸಿ. ಸಂವಿಧಾನದ 120ನೇ ವಿಧಿ ಅದಕ್ಕೆ ದಾರಿ ಮಾಡಿಕೊಟ್ಟಿದೆ, 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿ ಅದನ್ನು ತೋರಿಸಿಕೊಟ್ಟಿದ್ದಾರೆ.

ಮಸೂದೆ ಬಂದಾಗ

ಮಧ್ಯಾಹ್ನದ ನಂತರದ ಹೊತ್ತು ಮಸೂದೆಗಳದ್ದು. ಮಸೂದೆ ಸದನಕ್ಕೆ ಬರುವ ಮೊದಲೇ ನಾಗರಿಕರು ಮಾತನಾಡಬೇಕಾದ ಒಂದು ಹಂತವಿದೆ. 2014ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವೇ ಒಪ್ಪಿಕೊಂಡ ಶಾಸನಪೂರ್ವ ಸಮಾಲೋಚನಾ ನೀತಿಯಂತೆ ಕರಡು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿರಬೇಕು, ಬಂದ ಅಭಿಪ್ರಾಯಗಳ ಸಾರವನ್ನೂ ಪ್ರಕಟಿಸಬೇಕು. ಇದು ನೀತಿಯೇ ಹೊರತು ಕಾಯ್ದೆಯಲ್ಲ. ಅದನ್ನು ಬದಿಗಿಟ್ಟು ತರಾತುರಿಯಲ್ಲಿ ತಂದ ಮಸೂದೆಗಳು ಕಡಿಮೆಯಿಲ್ಲ, ಅದು ನನಗೆ ನೋವಿನ ವಿಷಯ. ಕೋಟ್ಯಂತರ ಜನರ ಕೂಲಿ, ಪಿಂಚಣಿ ತೀರ್ಮಾನಿಸುವ ಕಾನೂನಿಗೆ ಒಂದು ತಿಂಗಳ ಕಾಲಾವಕಾಶವೂ ಹೆಚ್ಚಾಯಿತೇ?

ಮಸೂದೆ ಮಂಡನೆಯಾದ ಮೇಲೆ ಅದನ್ನು ಇಲಾಖಾ ಸ್ಥಾಯಿ ಸಮಿತಿಗೆ ಒಪ್ಪಿಸಿದರೆ ಮತ್ತೆ ಬಾಗಿಲು ತೆರೆಯುತ್ತದೆ. ಇಂಥ 24 ಸಮಿತಿಗಳಿವೆ. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಮಿತಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಜನರಿಂದ ಲಿಖಿತ ಅಭಿಪ್ರಾಯ ಕೇಳುತ್ತದೆ. ಸಾಮಾನ್ಯವಾಗಿ ಸಿಗುವುದು ಹದಿನೈದೇ ದಿನ. ಖುದ್ದಾಗಿ ಹೇಳಿಕೆ ಕೊಡುವ ಇಚ್ಛೆಯಿದ್ದರೆ ಪತ್ರದಲ್ಲೇ ತಿಳಿಸಬೇಕು. ಕಳಿಸಿದ ಮನವಿ ಸಮಿತಿಯ ದಾಖಲೆಯಾಗುತ್ತದೆ, ಅದನ್ನು ಗೋಪ್ಯವಾಗಿಡಬೇಕೆಂದು ಜಾಹೀರಾತಿನಲ್ಲೇ ಹೇಳಿರುತ್ತಾರೆ. ಅಭಿಪ್ರಾಯ ಬರೆಯುವಾಗ ಭಾಷಣ ಬೇಡ: ಇಂಥ ಖಂಡ, ಇಂಥ ಪದ, ಅದರಿಂದ ಆಗುವ ತೊಂದರೆ, ಬದಲಿಗೆ ಇರಬೇಕಾದ ಪದ. ಅಂಗವಿಕಲರ ಹಕ್ಕುಗಳ ಮಸೂದೆ 2014ರಲ್ಲಿ ಬಂದು ಸ್ಥಾಯಿ ಸಮಿತಿಗೆ ಹೋಯಿತು. ಅಂಗವಿಕಲರ ಸಂಘಟನೆಗಳು ಹೊರಗೂ ಒಳಗೂ ಬಿಡದೆ ವಾದಿಸಿದವು. 2016ರ ಡಿಸೆಂಬರಿನಲ್ಲಿ ಅದು ಅಂಗೀಕಾರವಾದಾಗ, 1995ರ ಕಾಯ್ದೆಯಲ್ಲಿ ಏಳೇ ಇದ್ದ ಅಂಗವೈಕಲ್ಯದ ಬಗೆಗಳು 21ಕ್ಕೆ ಏರಿದ್ದವು, ಸರ್ಕಾರಿ ಹುದ್ದೆಯ ಮೀಸಲಾತಿ ಶೇ 3ರಿಂದ 4ಕ್ಕೆ ಹೋಗಿತ್ತು.

ಶುಕ್ರವಾರವಾದರೆ ಮಧ್ಯಾಹ್ನದ ಕೊನೆಯ ಎರಡೂವರೆ ಗಂಟೆ ಲೋಕಸಭೆಯಲ್ಲಿ ಸಚಿವರಲ್ಲದ ಸದಸ್ಯರ ಖಾಸಗಿ ಮಸೂದೆ, ನಿರ್ಣಯಗಳಿಗೆ ಮೀಸಲು. 1970ರ ನಂತರ ಒಂದು ಖಾಸಗಿ ಮಸೂದೆಯೂ ಕಾನೂನಾಗಿಲ್ಲ. ಆದರೂ ಅದು ವ್ಯರ್ಥವಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ರಾಜ್ಯಸಭಾ ಸದಸ್ಯ ತಿರುಚಿ ಶಿವ ಅವರು ತಂದ ಮಸೂದೆಯನ್ನು ರಾಜ್ಯಸಭೆ 2015ರ ಏಪ್ರಿಲ್ 24ರಂದು ಅಂಗೀಕರಿಸಿತು. ಲೋಕಸಭೆಯಲ್ಲಿ ಅದು ಮುಂದೆ ಹೋಗಲಿಲ್ಲ; ಸರ್ಕಾರ ತನ್ನದೇ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು. ಆ ಕಾಯ್ದೆಯ ಬಗ್ಗೆ ಸಮುದಾಯದ ಆಕ್ಷೇಪಗಳಿವೆ, ಆದರೆ ವಿಷಯವನ್ನು ಸದನಕ್ಕೆ ಎಳೆದು ತಂದದ್ದು ಆ ಖಾಸಗಿ ಮಸೂದೆ.

ಸದನಕ್ಕೇ ಅರ್ಜಿ

ಸಂಸದರೂ ಸಮಿತಿಯೂ ಕಿವಿಗೊಡದಿದ್ದಾಗ ಜನ ನೇರವಾಗಿ ಸದನಕ್ಕೆ ಅರ್ಜಿ ಸಲ್ಲಿಸುವ ಹಳೆಯ ಹಕ್ಕೊಂದಿದೆ. ಅರ್ಜಿಗಳ ಸಮಿತಿ ಎರಡೂ ಸದನದಲ್ಲಿದೆ. ಇಪಿಎಸ್-95ರ ಕನಿಷ್ಠ ಪಿಂಚಣಿಯ ಕಥೆ ಅಲ್ಲಿಂದಲೇ ಬಿಗಿಯಾಯಿತು. ಯೋಜನೆ ತಿದ್ದಬೇಕೆಂದು ಬಂದ ಅರ್ಜಿಯನ್ನು ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿಗಳ ಸಮಿತಿ ವಿಚಾರಿಸಿ, 2013ರಲ್ಲಿ ಕನಿಷ್ಠ 3,000 ರೂಪಾಯಿ ಕೊಡಿ ಎಂದು ಶಿಫಾರಸು ಮಾಡಿತು. ಮರುವರ್ಷ ಬಂದದ್ದು 1,000. ಮಾಜಿ ಸೈನಿಕರ 'ಒಂದು ಶ್ರೇಣಿ, ಒಂದು ಪಿಂಚಣಿ' ಬೇಡಿಕೆಯನ್ನೂ ಇದೇ ಸಮಿತಿ 2011ರಲ್ಲಿ ಎತ್ತಿಹಿಡಿದಿತ್ತು.

ಅರ್ಜಿ ಬರೆಯುವವರು ಗಮನಿಸಬೇಕಾದ ಕೆಲವು ಮಾತು. ಲೋಕಸಭೆಗೆ ಕೊಡುವ ಅರ್ಜಿ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು; ಕನ್ನಡದಲ್ಲಿ ಬರೆದರೆ ಸಹಿ ಮಾಡಿದ ಅನುವಾದ ಜೊತೆಗಿರಬೇಕು. ಪ್ರತಿಯೊಬ್ಬರ ಹೆಸರು, ವಿಳಾಸ, ಸಹಿ ಬೇಕು, ಓದು ಬಾರದವರು ಹೆಬ್ಬೆಟ್ಟು ಒತ್ತಬಹುದು. ಪತ್ರ, ಪ್ರಮಾಣಪತ್ರ, ಇತರ ಕಾಗದ ಲಗತ್ತಿಸುವಂತಿಲ್ಲ, ಹೇಳಬೇಕಾದ್ದೆಲ್ಲ ಅರ್ಜಿಯೊಳಗೇ ಬರಬೇಕು. ನ್ಯಾಯಾಲಯದ ಮುಂದಿರುವ, ರಾಜ್ಯಕ್ಕೆ ಸೇರಿದ ವಿಷಯವಾಗಬಾರದು. ಕೊನೆಯಲ್ಲಿ ಸದನ ಏನು ಮಾಡಬೇಕೆಂಬ ಪ್ರಾರ್ಥನೆ ಸ್ಪಷ್ಟವಾಗಿರಬೇಕು. ರಾಜ್ಯದ ವಿಷಯವಾದರೆ ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿನಲ್ಲೂ ಅರ್ಜಿಗಳ ಸಮಿತಿ, ಭರವಸೆಗಳ ಸಮಿತಿಗಳಿವೆ. ಅದಕ್ಕೆ ದೆಹಲಿಯವರೆಗೆ ಹೋಗಬೇಕಿಲ್ಲ, ಕನ್ನಡದಲ್ಲೇ ಬರೆದರೆ ಸಾಕು.