ಸಣ್ಣ ತೋಟಾಕ್ಕೆ ಸಣ್ಣ ಬೋಲ್ಟು: ಹಳೆಯ ರೈಫಲ್‌ಗಳನ್ನು ಅರಿಯುವ ಬಗೆ



2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿಯಾಯಿತು. ಸಾಮಾನ್ಯ ಪರವಾನಗಿದಾರರು ಮೂರರ ಬದಲು ಎರಡೇ ಕೋವಿ ಇಟ್ಟುಕೊಳ್ಳಬಹುದೆಂದಾಯಿತು. ಹಿರಿಯರಿಂದ ಬಂದ ಕೋವಿಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಕೊಡಗಿನ ವಿನಾಯಿತಿ ಪತ್ರದವರು ತಮ್ಮ ಪತ್ರದ ಷರತ್ತುಗಳನ್ನೇ ನೋಡಿಕೊಳ್ಳತಕ್ಕದ್ದು. ಹೀಗಿರುವಾಗ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬ ಪ್ರಶ್ನೆ ಏಳುವುದು ಸಹಜ. ದೊಡ್ಡ ಕೋವಿಯ ಪಕ್ಕದಲ್ಲಿ ಆಟಿಕೆಯಂತೆ ಕಾಣುವ ಸಣ್ಣ ರೈಫಲ್ ಮೊದಲು ಮನೆಯಿಂದ ಹೊರಬೀಳುವ ಸಂಭವ ಹೆಚ್ಚು. ಬಿಡುವ ಮೊದಲು ಅದು ಏನೆಂದು ತಿಳಿಯುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಕಾಲ ಮುಗಿಯಿತು. ಈ ಪಾಠ ಕೆಲಸಗಾರಿಕೆಯ ಪರಿಚಯಕ್ಕೆ ಮಾತ್ರ.

ಸಣ್ಣ ಬೋಲ್ಟು ಏಕೆ?

ಬೋಲ್ಟನ್ನು ಹಿಂದೆಳೆದಾಗ ಖಾಲಿ ತೋಟಾ ಹೊರಬೀಳಬೇಕು, ಮುಂದೊತ್ತಿದಾಗ ಹೊಸದು ಒಳಸೇರಬೇಕು. ಆದ್ದರಿಂದ ತೋಟಾ ಎಷ್ಟು ಉದ್ದವೋ ಬೋಲ್ಟಿನ ಓಟವೂ ಅದಕ್ಕೆ ತಕ್ಕಷ್ಟಿರಬೇಕು. ಪ್ರಸಿದ್ಧವಾದ .30-06 ತೋಟಾ ಸುಮಾರು 85 ಮಿಲಿಮೀಟರ್ ಉದ್ದ; .22 ಹಾರ್ನೆಟ್ ತೋಟಾ ಸುಮಾರು 44 ಮಾತ್ರ. ಆದರೂ ಅಮೆರಿಕದ ವಿಂಚೆಸ್ಟರ್ ಕಂಪನಿ 1930ರ ದಶಕದಲ್ಲಿ ತಂದ ಮಾಡೆಲ್ 70ರಲ್ಲಿ, ದೊಡ್ಡ ಪ್ರಾಣಿಗಳ .375 ತೋಟಾಕ್ಕೂ ಪುಟ್ಟ ಹಾರ್ನೆಟ್ಟಿಗೂ ಒಂದೇ ಉದ್ದದ ಉಕ್ಕಿನ ಒಡಲನ್ನು ಬಳಸಿತು. ಕೆಲಸವೇನೋ ನಡೆಯುತ್ತದೆ. ಆದರೆ ಅಡಿಕೆ ಸುಲಿಯಲು ಮರ ಕಡಿಯುವ ಕೊಡಲಿ ಹಿಡಿದಂತೆ, ಅನಗತ್ಯ ತೂಕ, ಅನಗತ್ಯ ಓಟ. ತೋಟಾಕ್ಕೆ ಅಳೆದು ಮಾಡಿದ ರೈಫಲ್ಲಿನ ಹೆಚ್ಚುಗಾರಿಕೆ ಇಲ್ಲಿಯೇ ಇದೆ.

ಹಾರ್ನೆಟ್ ಎಂದರೆ ಕಣಜ. ಹಳೆಯ ಕರಿಮದ್ದಿನ ತೋಟಾವೊಂದನ್ನು 1920ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಅಧಿಕಾರಿಗಳು ಹೊಸ ಮದ್ದಿಗೆ ಹೊಂದಿಸಿದರು. 1930ರಲ್ಲಿ ವಿಂಚೆಸ್ಟರ್ ಅದನ್ನು ಮಾರಾಟಕ್ಕೆ ತಂದಿತು. ಗುಂಡಿನ ತೂಕ ಸುಮಾರು ಮೂರು ಗ್ರಾಂ. ಹಿಮ್ಮೆಟ್ಟುವ ಪೆಟ್ಟು ಅತ್ಯಲ್ಪ.

ಎರಡು ಉತ್ತಮ ಮಾದರಿಗಳು

ಮೊದಲನೆಯದು ಫಿನ್‌ಲೆಂಡಿನದು. ರೀಹಿಮ್ಯಾಕಿ ಊರಿನ ಸಾಕೊ ಕಾರ್ಖಾನೆ ಎರಡನೆಯ ಮಹಾಯುದ್ಧದ ನಂತರ ಎಲ್ 46 ಎಂಬ ರೈಫಲ್ ತಂದಿತು. ಹಾರ್ನೆಟ್ ಅಲ್ಲದೆ 7x33 ಎಂಬ ತಮ್ಮದೇ ತೋಟಾಕ್ಕೂ ಇದನ್ನು ಮಾಡಿದರು. ಒಂಬತ್ತು ಮಿಲಿಮೀಟರಿನ ಪಿಸ್ತೂಲು ತೋಟಾದ ಮಾದರಿಯನ್ನೇ ಉದ್ದಗೊಳಿಸಿ, ಉತ್ತರದ ಕಾಡಿನ ದೊಡ್ಡ ಕೋಳಿ ಜಾತಿಯ ಹಕ್ಕಿಗಳಿಗೆಂದು ರೂಪಿಸಿದ ತೋಟಾ ಅದು. 1950ರಲ್ಲಿ ಅಮೆರಿಕದ .222 ರೆಮಿಂಗ್‌ಟನ್ ಬಂದ ಮೇಲೆ ಸಾಕೊ ಅದಕ್ಕೂ ಹೊಂದಿಸಿತು. ಮುಂದೆ ಬಂದ ಎಲ್ 461 ವಿಕ್ಸನ್ ಇದೇ ವಂಶದ್ದು.

ಎರಡನೆಯದು ಆಗಿನ ಚೆಕೊಸ್ಲೊವಾಕಿಯದ ಬ್ರನೋ ಊರಿನ ಜ಼ಡ್‌ಕೆಡಬ್ಲ್ಯು 465. 1949ರಿಂದ 1973ರವರೆಗೆ ತಯಾರಾಯಿತು. ಪ್ರಸಿದ್ಧ ಮೌಸರ್ ರೈಫಲ್ಲಿನ ಬೋಲ್ಟನ್ನೇ ಚಿಕ್ಕದಾಗಿ ಎರಕ ಹೊಯ್ದಂತೆ ಕಾಣುತ್ತದೆ. ಕಳಚಬಲ್ಲ ಮ್ಯಾಗಜೀನಿನಲ್ಲಿ ಐದು ತೋಟಾ. ಹಾರ್ನೆಟ್ ತೋಟಾದ ತಳಕ್ಕೆ ಹೊರಚಾಚಿದ ಅಂಚು ಇರುವುದರಿಂದ, ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಕೂರುವಂತೆ ತುಂಬಬೇಕು. ಇಲ್ಲವಾದರೆ ಸಿಕ್ಕಿಕೊಳ್ಳುತ್ತದೆ. ಇವುಗಳಲ್ಲಿ ಹಲವಕ್ಕೆ ಎರಡು ಟ್ರಿಗರ್ ಇರುತ್ತವೆ. ಹಿಂದಿನದನ್ನು ಎಳೆದರೆ ಮುಂದಿನದು ಬರಿ ಬೆರಳು ತಾಗಿದರೂ ಹಾರುವಷ್ಟು ನಯವಾಗುತ್ತದೆ. ತಿಳಿಯದವರ ಕೈಗೆ ಕೊಡಬಾರದು.

ಪರೀಕ್ಷಿಸುವ ಕ್ರಮ

1. ನಳಿಗೆಯನ್ನು ನಿರಪಾಯದ ಕಡೆಗೆ ತಿರುಗಿಸಿ, ಮ್ಯಾಗಜೀನ್ ಕಳಚಿ, ಬೋಲ್ಟು ತೆರೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ.
2. ಕೋವಿಯ ಮೇಲಿನ ಸಂಖ್ಯೆಯನ್ನು ಪರವಾನಗಿ ಪುಸ್ತಕದೊಡನೆ ತಾಳೆ ನೋಡಿ. ಬೋಲ್ಟಿನ ಮೇಲೆಯೂ ಸಂಖ್ಯೆಯಿದ್ದು ಎರಡೂ ಒಂದೇ ಆಗಿದ್ದರೆ ಬೆಲೆ ಹೆಚ್ಚು.
3. ತಿರುಪುಗಳ ಗೀರು ಕೆಟ್ಟಿದೆಯೇ, ಮರದ ಮೇಲಿನ ಗೆರೆಕೆತ್ತನೆ ಸವೆದಿದೆಯೇ ನೋಡಿ. ಅವೇ ಹಿಂದಿನವರ ನಡವಳಿಕೆಯ ಸಾಕ್ಷಿ.
4. ನಳಿಗೆಯ ಮೇಲೆ ಬರೆದಿರುವ ತೋಟಾ ಬಿಟ್ಟು ಬೇರೆಯದನ್ನು ಹಾಕಲೇಬಾರದು. ಮೊದಲ ಕಾಲದ ಹಾರ್ನೆಟ್ ನಳಿಗೆಗಳ ಒಳಅಳತೆ .223 ಅಂಗುಲ, ನಂತರದವುಗಳದು .224. ಬಹುಕಾಲ ಬಳಸದ ಕೋವಿಯನ್ನು ಪರವಾನಗಿಯುಳ್ಳ ಕೋವಿ ಕೆಲಸಗಾರರಿಂದ ಪರೀಕ್ಷಿಸದೆ ಹಾರಿಸಬೇಡಿ.

ಮಳೆಗಾಲದ ಆರೈಕೆ

ನಮ್ಮ ಮಲೆನಾಡಿನ ಆಷಾಢ ಶ್ರಾವಣಗಳಲ್ಲಿ ಕಾಫಿ ಬೀಜಕ್ಕೆ ಬರುವ ತೇವವೇ ಉಕ್ಕಿಗೂ ಬರುತ್ತದೆ. ಚರ್ಮದ ಅಥವಾ ಕ್ಯಾನ್‌ವಾಸ್ ಚೀಲದಲ್ಲಿ ಕೋವಿಯನ್ನು ಇಡಬೇಡಿ; ಚೀಲ ನೀರು ಹೀರುತ್ತದೆ. ಗಾಳಿಯಾಡುವ, ಬೀಗವಿರುವ ಕಪಾಟಿನಲ್ಲಿಟ್ಟು ತೆಳುವಾಗಿ ಎಣ್ಣೆ ಸವರಿ. ಎಣ್ಣೆ ಅತಿಯಾದರೆ ಮರಕ್ಕಿಳಿದು ಅದನ್ನು ಮೆದುವಾಗಿಸುತ್ತದೆ. ಚುನಾವಣೆಗೆ ಠಾಣೆಯಲ್ಲಿ ಒಪ್ಪಿಸುವ ಮುನ್ನ ಎಣ್ಣೆ ಸವರಿ, ರಸೀದಿಯಲ್ಲಿ ಸಂಖ್ಯೆ ಬರೆಸಿ, ಹಿಂದಕ್ಕೆ ಬಂದ ದಿನವೇ ಒರೆಸಿ.

ಕೈಲ್ ಮುಹೂರ್ತಕ್ಕೋ ಆಯುಧಪೂಜೆಗೋ ಹೊಳೆಯಲೆಂದು ಮರಳುಕಾಗದ ಉಜ್ಜುವುದು, ವಾರ್ನಿಷ್ ಬಳಿಯುವುದು, ಹೊಸದಾಗಿ ಕಪ್ಪು ಬಣ್ಣ ಏರಿಸುವುದು ಬೇಡ. ಮಾಸಿದರೂ ಮೂಲ ಬಣ್ಣವೇ ಬೆಲೆಯುಳ್ಳದ್ದು, ಒಮ್ಮೆ ಉಜ್ಜಿದ ಗುರುತು ಮತ್ತೆ ಬಾರದು. ಕುಂಕುಮ ಹೂವುಗಳ ತೇವವನ್ನು ಅಂದೇ ಸಂಜೆ ಒರೆಸಿಬಿಡಿ.

ಬಿಡಲೇಬೇಕಾಗಿ ಬಂದರೆ, ಕೋವಿಯ ಹೆಸರು, ಸಂಖ್ಯೆ, ತೋಟಾ, ಯಾರ ಕಾಲದಿಂದ ಬಂತೆಂಬ ವಿವರಗಳನ್ನು ಬರೆದಿಟ್ಟುಕೊಂಡು, ಪರವಾನಗಿಯುಳ್ಳ ವ್ಯಾಪಾರಿಗೆ ಅದನ್ನು ತಿಳಿಸಿಯೇ ಒಪ್ಪಿಸಿ. ಸಣ್ಣದೆಂಬ ಕಾರಣಕ್ಕೆ ಗುಜರಿ ಬೆಲೆಗೆ ಒಪ್ಪಬೇಡಿ.