ಟ್ರ್ಯಾಕ್ಟರಿನ ಗೇರುಪೆಟ್ಟಿಗೆ ಎಂಜಿನ್ನಿನಿಂದ ಬಿಡದಿದ್ದಾಗ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಭಾಗಗಳಲ್ಲಿ ಕಾಲುವೆಗೆ ನೀರು ಬಂದೊಡನೆ ಟ್ರ್ಯಾಕ್ಟರುಗಳಿಗೆ ಬಿಡುವಿರುವುದಿಲ್ಲ. ಕೇಜ್ ವೀಲ್ ಹಾಕಿ ಭತ್ತದ ಗದ್ದೆಯನ್ನು ಕೆಸರು ಮಾಡುವಾಗ ನೀರು ಕ್ಲಚ್ ಕೋಣೆಯೊಳಕ್ಕೂ ಸೇರುತ್ತದೆ. ಕೆಲಸ ಮುಗಿದ ಮೇಲೆ ಯಂತ್ರ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತರೆ ಒಳಗೆ ತುಕ್ಕು ಹಿಡಿಯುತ್ತದೆ. ಮುಂದಿನ ಹಂಗಾಮಿಗೆ ಕ್ಲಚ್ ಪ್ಲೇಟು ಬದಲಿಸಲು ಬೋಲ್ಟುಗಳನ್ನೆಲ್ಲ ತೆಗೆದರೂ ಎಂಜಿನ್ನು ಮತ್ತು ಗೇರುಪೆಟ್ಟಿಗೆ ಒಂದನ್ನೊಂದು ಬಿಡುವುದಿಲ್ಲ. ಒಟ್ಟಲಿನಲ್ಲಿ ಸಸಿಯ ವಯಸ್ಸು ಏರುತ್ತಿರುತ್ತದೆ. ಬಲಿತ ಸಸಿ ನೆಟ್ಟರೆ ತೆಂಡೆ ಕಡಿಮೆಯಾಗುವುದೆಂದು ರೈತನಿಗೆ ಗೊತ್ತು. ಆ ಅವಸರದಲ್ಲಿಯೇ ಎರಕದ ಕವಚ ಒಡೆಯುವುದು, ಕೈಬೆರಳು ಜಜ್ಜಿಹೋಗುವುದು.

ಮೊದಲು ಬಿಚ್ಚುವ ಅಗತ್ಯವಿದೆಯೇ ಎಂದು ನೋಡತಕ್ಕದ್ದು. ಬಹುಕಾಲ ನಿಂತ ಟ್ರ್ಯಾಕ್ಟರಿನಲ್ಲಿ ಪೆಡಲ್ ಒತ್ತಿದರೂ ಗೇರು ಬೀಳದೆ ಕರಕರ ಎಂದರೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿರಬಹುದು. ಎಂಜಿನ್ನನ್ನು ಚೆನ್ನಾಗಿ ಕಾಯಿಸಿ ನಿಲ್ಲಿಸಿ, ಪೆಡಲನ್ನು ಪೂರ್ತಿ ಒತ್ತಿ, ಮರದ ತುಂಡು ಆನಿಸಿ ಒಂದು ರಾತ್ರಿ ಬಿಟ್ಟರೆ ಎಷ್ಟೋ ಸಲ ಅದು ತಾನಾಗಿ ಬಿಡುತ್ತದೆ. ಪ್ಲೇಟು ಸವೆದು ಜಾರುತ್ತಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ಟ್ರ್ಯಾಕ್ಟರನ್ನು ಎರಡು ಭಾಗ ಮಾಡಲೇಬೇಕು.

ಈ ಕೆಲಸಕ್ಕೆ ಗಟ್ಟಿಯಾದ ಸಮತಟ್ಟು ನೆಲ ಬೇಕು. ಹೊಲದ ಮೆದು ಮಣ್ಣಿನಲ್ಲಿ ಜಾಕ್ ಇಡಕೂಡದು. ಬ್ಯಾಟರಿಯ ತಂತಿ ಬಿಚ್ಚಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಗೇರುಪೆಟ್ಟಿಗೆಯ ಕೆಳಗೆ ಭದ್ರವಾದ ಸ್ಟ್ಯಾಂಡ್ ನಿಲ್ಲಿಸಬೇಕು. ಎಂಜಿನ್ನಿನ ಕೆಳಗೆ ದಪ್ಪ ಹಲಗೆಯ ಮೇಲೆ ಗಾಲಿಯುಳ್ಳ ಜಾಕ್ ಇರಲಿ. ಬಹಳ ಜನ ಮರೆಯುವ ಸಂಗತಿ ಇನ್ನೊಂದಿದೆ. ಮುಂದಿನ ಅಚ್ಚು ನಡುವಿನ ಪಿನ್ನಿನ ಮೇಲೆ ತೂಗುವಂಥದು. ಅದರ ಎರಡೂ ಪಕ್ಕದಲ್ಲಿ ಅಚ್ಚಿಗೂ ಮೇಲಿನ ಆಧಾರಕ್ಕೂ ನಡುವೆ ಮರದ ಬೆಣೆ ಬಿಗಿಯಾಗಿ ಹೊಡೆಯದಿದ್ದರೆ, ಬೇರ್ಪಟ್ಟ ಎಂಜಿನ್ನು ಪಕ್ಕಕ್ಕೆ ಮಗುಚುತ್ತದೆ. ನೂರಾರು ಕಿಲೋ ತೂಕವನ್ನು ಕೈಯಿಂದ ಹಿಡಿದು ನಿಲ್ಲಿಸುವವರಾರೂ ಇಲ್ಲ.

ಎಲ್ಲ ಬಿಚ್ಚಿದರೂ ಅಲುಗದಿದ್ದರೆ ಸುತ್ತಿಗೆಗೆ ಕೈಹಾಕುವ ಮುನ್ನ ಬೋಲ್ಟುಗಳನ್ನು ಎಣಿಸಬೇಕು. ಕೆಸರು ಮೆತ್ತಿದ ತಳಭಾಗದಲ್ಲಿಯೋ, ಸ್ಟಾರ್ಟರಿನ ಹಿಂದೆಯೋ ಒಂದು ಬೋಲ್ಟು ಉಳಿದಿರುವುದು ಅಪರೂಪವಲ್ಲ. ಸ್ಟೀರಿಂಗ್ ಕಡ್ಡಿ, ಡೀಸೆಲ್ ನಳಿಗೆ, ಹೈಡ್ರಾಲಿಕ್ ಕೊಳವೆ, ವೈರುಗಳನ್ನು ಮತ್ತೊಮ್ಮೆ ನೋಡಬೇಕು.

ಬಳಿಕ ಸಂದನ್ನು ಗಮನಿಸಬೇಕು. ಮೇಲೆ ಬಾಯಿ ಬಿಟ್ಟು ಕೆಳಗೆ ಮುಚ್ಚಿದ್ದರೆ, ಅಥವಾ ಇದಕ್ಕೆ ವಿರುದ್ಧವಾಗಿದ್ದರೆ, ದೋಷ ತುಕ್ಕಿನದಲ್ಲ, ಜಾಕಿನ ಎತ್ತರದ್ದು. ಓರೆಯಾದ ಶಾಫ್ಟು ಬೇರಿಂಗಿನಲ್ಲಿ ಕಚ್ಚಿಕೊಳ್ಳುತ್ತದೆ. ಜಾಕನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ ಇಳಿಸಿ, ಸಂದು ಸುತ್ತಲೂ ಸಮನಾಗುವಂತೆ ಮಾಡಿದರೆ ಅರ್ಧ ಕೆಲಸ ಆದಂತೆ.

ಸಂದೇ ಕಾಣದಿದ್ದರೆ ಜೋಡಣೆಯ ಡೋವೆಲ್ ಪಿನ್ನುಗಳು ತುಕ್ಕು ಹಿಡಿದಿವೆ ಎಂದರ್ಥ. ಪಿನ್ನಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ರಾತ್ರಿಯೆಲ್ಲ ನೆನೆಯಲು ಬಿಡಬೇಕು. ಬೆಳಿಗ್ಗೆ ಹಿತ್ತಾಳೆಯ ತುಂಡು ಇಟ್ಟು ಆ ಜಾಗದಲ್ಲಿ ಹಗುರವಾಗಿ ತಟ್ಟಬೇಕು. ಉಳಿ ಇಟ್ಟು ಮೀಟಿದರೆ ಕೂಡುವ ಮುಖ ಗಾಯಗೊಂಡು ಮುಂದೆ ಸರಿಯಾಗಿ ಕೂರುವುದಿಲ್ಲ. ಡೀಸೆಲ್ ತೊಟ್ಟಿ ಪಕ್ಕದಲ್ಲಿರುವಾಗ ಗ್ಯಾಸಿನ ಬೆಂಕಿಯಿಂದ ಕಾಯಿಸುವುದಂತೂ ಕೂಡದು. ಇನ್ನೊಂದು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸುವುದು ಹಳ್ಳಿಗಳಲ್ಲಿ ಕಾಣುವ ಪದ್ಧತಿ; ಎರಕದ ಕಿವಿ ಮುರಿಯುವುದು ಹೀಗೆಯೇ. ಉಳಿಸಿದ ಒಂದು ದಿನಕ್ಕೆ ಒಂದು ಕವಚದ ಬೆಲೆ ತೆರಬೇಕಾಗುತ್ತದೆ.

ಸಂದು ಬೆರಳಗಲ ತೆರೆದು ನಿಂತುಬಿಟ್ಟರೆ ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ಶಾಫ್ಟು ಕಚ್ಚಿದೆ. ಗೇರಿನಲ್ಲಿಟ್ಟು, ಎಂಜಿನ್ನಿನ ಮುಂದಿನ ಪುಲ್ಲಿಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತುಸು ಅಲುಗಿಸುತ್ತ ಮುಂಭಾಗವನ್ನು ನೇರವಾಗಿ ಸರಿಸಬೇಕು. ಭಾರ ಶಾಫ್ಟಿನ ಮೇಲೆ ಜೋತುಬಿದ್ದರೆ ಪ್ಲೇಟಿನ ನಡುಭಾಗ ಬಾಗುತ್ತದೆ. ಸಂದಿನೊಳಗೆ ಬೆರಳು ಹಾಕಿ ತಡಕಕೂಡದು.

ಬೇರೆಯಾದ ಮೇಲೆ ಪ್ಲೇಟು ಮಾತ್ರ ಬದಲಿಸಿ ಮುಚ್ಚುವುದು ಜಾಣತನವಲ್ಲ. ಕ್ಲಚ್ ಬಿಡಿಸುವ ಬೇರಿಂಗ್, ಫ್ಲೈವೀಲ್ ನಡುವಿನ ಬೇರಿಂಗ್, ಎಣ್ಣೆ ಸೀಲುಗಳನ್ನು ಆಗಲೇ ಪರೀಕ್ಷಿಸಬೇಕು. ಸೀಲು ಸೋರುತ್ತಿದ್ದರೆ ಹೊಸ ಪ್ಲೇಟು ಎಣ್ಣೆ ಕುಡಿದು ಮತ್ತೆ ಜಾರುತ್ತದೆ. ಶಾಫ್ಟಿನ ಹಲ್ಲುಗಳನ್ನು ಒರೆಸಿ ಗ್ರೀಸನ್ನು ತೆಳ್ಳಗೆ ಮಾತ್ರ ಸವರಬೇಕು. ಹಳೆಯ ಶಾಫ್ಟನ್ನೋ, ಬಡಗಿ ಕಡೆದುಕೊಟ್ಟ ಮರದ ದಿಂಡನ್ನೋ ತೂರಿಸಿ ಪ್ಲೇಟನ್ನು ನಡುವಿಗೆ ನಿಲ್ಲಿಸಿದ ನಂತರವೇ ಪ್ರೆಷರ್ ಪ್ಲೇಟು ಬಿಗಿಯಬೇಕು. ಮರುಜೋಡಣೆಯಲ್ಲಿ ಎರಡು ಮುಖಗಳು ಕೈಬಲದಿಂದಲೇ ಕೂಡಬೇಕು. ಉಳಿದ ಸಂದನ್ನು ಬೋಲ್ಟಿನಿಂದ ಎಳೆದು ಮುಚ್ಚಿದರೆ ಒಡೆಯುವುದು ಹೊಸ ಪ್ಲೇಟೇ. ಪೆಡಲಿನ ಸಡಿಲನ್ನು ಆಯಾ ಟ್ರ್ಯಾಕ್ಟರಿನ ಕೈಪಿಡಿಯಂತೆ ಇಡಬೇಕು.

ಅನೇಕ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಕೋಣೆಯ ತಳದಲ್ಲಿ ನೀರು ಬಸಿಯುವ ಸಣ್ಣ ರಂಧ್ರವಿರುತ್ತದೆ. ಕೆಸರಿಗಿಳಿಯುವ ಮೊದಲು ಅದಕ್ಕೆ ಬಿರಡೆ ಹಾಕುವವರು ಗದ್ದೆಯಿಂದ ಬಂದ ದಿನವೇ ಅದನ್ನು ತೆಗೆದು, ತಂತಿಯಿಂದ ರಂಧ್ರ ಚೊಕ್ಕಟ ಮಾಡಿ, ನಿಂತ ನೀರನ್ನು ಹೊರಬಿಡತಕ್ಕದ್ದು.